ಪೊರೆ ಆಪರೇಷನ್ ನಂತರದ ಸೋಂಕು: ಹತ್ತು ಸಾವಿರಕ್ಕೆ ಎಷ್ಟು?

ಹೋದ ಸಂಚಿಕೆಯಲ್ಲಿ ಕಣ್ಣಿನ ಪೊರೆಯ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಸೂರದ ಬಗ್ಗೆಯೋ ಕನ್ನಡಕದ ಬಗ್ಗೆಯೋ ಇರಲಿಲ್ಲ, ಸೋಂಕಿನ ಬಗ್ಗೆ ಇದ್ದವು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದು ಪತ್ರವನ್ನು ಸರದಿ ತಪ್ಪಿಸಿ ಮೊದಲಿಗೆ ತೆಗೆದುಕೊಂಡಿದ್ದೇನೆ. ಏಕೆಂಬುದು ಓದಿದರೆ ತಿಳಿಯುತ್ತದೆ.

ಪ್ರಶ್ನೆ: ಡಾಕ್ಟರ್, ನನ್ನ ತಂದೆಗೆ 72 ವರ್ಷ. ಪೊರೆ ಆಪರೇಷನ್ ಆಗಿ ಐದು ದಿನವಾಯಿತು. ಮೂರನೆಯ ದಿನದವರೆಗೆ ಗೋಡೆ ಗಡಿಯಾರದ ಮುಳ್ಳು ಸಹ ಕಾಣುತ್ತಿದೆ ಎಂದು ಖುಷಿಯಾಗಿದ್ದರು. ನಿನ್ನೆಯಿಂದ ಎಲ್ಲವೂ ಮಂಜು ಎನ್ನುತ್ತಿದ್ದಾರೆ. ಕಣ್ಣು ಕೆಂಪಾಗಿದೆ, ಆದರೆ ಅಂಥ ನೋವೇನಿಲ್ಲ. ಮುಂದಿನ ತಪಾಸಣೆ ಬರುವ ವಾರ ಇದೆ. ಅಲ್ಲಿಯವರೆಗೆ ಹನಿ ಹಾಕುತ್ತಾ ಕಾಯಬಹುದೇ?

ಉತ್ತರ: ಕಾಯಬಾರದು. ಈ ಪತ್ರ ಇಮೇಲಿನಲ್ಲಿ ಬಂದ ಸಂಜೆಯೇ ಸಂಪಾದಕರು ನನಗೆ ಕಳುಹಿಸಿದರು. ನಾನು ಬರೆದವರಿಗೆ ಫೋನ್ ಮಾಡಿ, ತಂದೆಯವರನ್ನು ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಅಂದು ರಾತ್ರಿಯೇ ರೆಟಿನಾ (ಕಣ್ಣಿನ ಹಿಂಪದರ) ತಜ್ಞರು ನೋಡಿ, ಸೋಂಕೆಂದೇ ತೀರ್ಮಾನಿಸಿ ಚಿಕಿತ್ಸೆ ಶುರು ಮಾಡಿದರು. ಬರೆದವರ ಒಪ್ಪಿಗೆ ಪಡೆದು ಪತ್ರವನ್ನು ಇಲ್ಲಿ ಅಚ್ಚು ಮಾಡುತ್ತಿದ್ದೇನೆ. ಆಪರೇಷನ್ ಆದ ಪ್ರತಿಯೊಬ್ಬರ ಮನೆಯವರಿಗೂ ನಾನು ಹೇಳಬೇಕಾದದ್ದು ಆ ನಾಲ್ಕು ಸಾಲುಗಳಲ್ಲೇ ಇದೆ.

ಆಪರೇಷನ್ ಆದ ಕಣ್ಣು ದಿನದಿಂದ ದಿನಕ್ಕೆ ತಿಳಿಯಾಗುತ್ತಾ ಹೋಗಬೇಕು. ಮೊದಲ ಒಂದೆರಡು ದಿನ ಸ್ವಲ್ಪ ಕೆಂಪು, ಸ್ವಲ್ಪ ಕಿರಿಕಿರಿ, ನೀರು ಬರುವುದು ಸಹಜ. ಆದರೆ ಒಮ್ಮೆ ಚೆನ್ನಾಗಿ ಕಂಡ ಕಣ್ಣು ಮತ್ತೆ ಮಂಜಾದರೆ ಅದು ಸಹಜವಲ್ಲ. 'ನೋವಿಲ್ಲವಲ್ಲ' ಎಂಬ ಸಮಾಧಾನ ಎಷ್ಟು ಕಣ್ಣುಗಳನ್ನು ಕಳೆದಿದೆಯೋ! 1995ರಲ್ಲಿ ಪ್ರಕಟವಾದ ಅಮೆರಿಕದ ಎಂಡಾಫ್ತಾಲ್ಮೈಟಿಸ್ (ಕಣ್ಣೊಳಗಿನ ಸೋಂಕು) ವಿಟ್ರೆಕ್ಟಮಿ ಅಧ್ಯಯನದಲ್ಲಿ ಇಂಥ ಸೋಂಕಾದ 420 ರೋಗಿಗಳಿದ್ದರು. ಅವರಲ್ಲಿ ಶೇ 94ರಷ್ಟು ಮಂದಿಗೆ ದೃಷ್ಟಿ ಮಂದವಾಗಿತ್ತು, ಶೇ 82ರಷ್ಟು ಮಂದಿಗೆ ಕಣ್ಣು ಕೆಂಪಾಗಿತ್ತು. ನೋವಿದ್ದದ್ದು ಶೇ 74ರಷ್ಟು ಮಂದಿಗೆ ಮಾತ್ರ. ಅಂದರೆ ಕಣ್ಣೊಳಗೆ ಕೀವಾದ ನಾಲ್ವರಲ್ಲಿ ಒಬ್ಬರು ನೋವೆಂದು ಹೇಳಲೇ ಇಲ್ಲ. ಆಪರೇಷನ್ ಆಗಿ ಸುಮಾರು ಆರನೆಯ ದಿನದ ಆಸುಪಾಸಿನಲ್ಲಿ ಇದು ಕಾಣಿಸಿಕೊಳ್ಳುವುದೇ ಹೆಚ್ಚು. ಮೊದಲ ದಿನದ ತಪಾಸಣೆಯಲ್ಲಿ 'ಎಲ್ಲ ಸರಿಯಿದೆ' ಎಂದು ಹೇಳಿಸಿಕೊಂಡು ಬಂದವರು ನಿಶ್ಚಿಂತರಾಗಿರುವ ಹೊತ್ತು ಅದು.

ಸೋಂಕಾದ ಕಣ್ಣಿಗೆ ಸ್ಲಿಟ್ ಲ್ಯಾಂಪ್ ಎಂಬ ತಪಾಸಣಾ ಸೂಕ್ಷ್ಮದರ್ಶಕದ ಕಿರಿದಾದ ಬೆಳಕನ್ನು ಓರೆಯಾಗಿ ಹಾಯಿಸಿದಾಗ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಿಂದಿನ ತಿಳಿನೀರು ತಿಳಿಯಾಗಿ ಉಳಿದಿರುವುದಿಲ್ಲ. ಬಿಳಿಯ ಕಣಗಳು ಬೆಳಕಿನ ಪಟ್ಟಿಯೊಳಗೆ ಮೆಲ್ಲನೆ ಮೇಲೆ ಕೆಳಗೆ ಚಲಿಸುತ್ತಿರುತ್ತವೆ. ಕೆಳಗೆ, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ತಳದಂಚಿನಲ್ಲಿ, ಕೆಲವೊಮ್ಮೆ ಒಂದು ಮಿಲಿಮೀಟರ್ ಎತ್ತರವೂ ಇಲ್ಲದ ಕೀವು ನಿಂತಿರುತ್ತದೆ. ಅದರ ಮೇಲ್ಗೆರೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ರೋಗಿ ಪಕ್ಕಕ್ಕೆ ಮಲಗಿ ಎದ್ದಿದ್ದರೆ ಆ ಗೆರೆಯೂ ಪಕ್ಕಕ್ಕೆ ಜರುಗಿರುತ್ತದೆ. ಇಷ್ಟು ವರ್ಷಗಳಾದರೂ ಆ ಗೆರೆಯನ್ನು ಕಂಡಾಗ ನನ್ನ ಎದೆ ಧಸಕ್ಕೆನ್ನುತ್ತದೆ.

ಚಿಕಿತ್ಸೆಗೆ ಮಾತ್ರೆ ಸಾಲದು, ಹನಿಯೂ ಸಾಲದು. ಅವು ಕಣ್ಣಿನ ಹಿಂಭಾಗವನ್ನು ತುಂಬಿರುವ ಲೋಳೆಯಂಥ ವಿಟ್ರಿಯಸ್‌ಗೆ ಬೇಕಾದಷ್ಟು ಪ್ರಮಾಣದಲ್ಲಿ ತಲುಪುವುದೇ ಇಲ್ಲ. ಅಲ್ಲಿಂದ ಸೂಜಿಯಲ್ಲಿ ಒಂದಿಷ್ಟು ದ್ರವ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ವರದಿಗಾಗಿ ಕಾಯದೆ ಅದೇ ಜಾಗಕ್ಕೆ 1 ಮಿಲಿಗ್ರಾಂ ವ್ಯಾಂಕೋಮೈಸಿನ್, 2.25 ಮಿಲಿಗ್ರಾಂ ಸೆಫ್ಟಾಜಿಡಿಮ್ ಎಂಬ ಎರಡು ಆಂಟಿಬಯೋಟಿಕ್ ಕೊಡುತ್ತಾರೆ. ಒಂದೊಂದರ ಪ್ರಮಾಣ ಕೇವಲ 0.1 ಮಿಲಿಲೀಟರ್. ಆಸ್ಪತ್ರೆಗೆ ಬರುವ ಹೊತ್ತಿಗೆ ಕಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದ ಸ್ಥಿತಿ ಇದ್ದರೆ, ವಿಟ್ರಿಯಸ್ಸನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಂಥ ರೋಗಿಗಳಲ್ಲಿ ಅದು ಒಳ್ಳೆಯ ದೃಷ್ಟಿ ಮರಳುವ ಸಾಧ್ಯತೆಯನ್ನು ಮೂರು ಪಟ್ಟು ಹೆಚ್ಚಿಸಿತು ಎಂಬುದು ಅದೇ ಅಧ್ಯಯನದ ಫಲಿತಾಂಶ. ಒಟ್ಟು ರೋಗಿಗಳಲ್ಲಿ ಅರ್ಧದಷ್ಟು ಮಂದಿ ಕೊನೆಗೆ ತಪಾಸಣಾ ಫಲಕದಲ್ಲಿ 6/12 (ಸಹಜ ಕಣ್ಣು 12 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದ ಓದುವುದು) ಅಥವಾ ಅದಕ್ಕಿಂತ ಉತ್ತಮ ದೃಷ್ಟಿಗೆ ಮರಳಿದರು. ಹಾಗಾಗಿ ಸೋಂಕಾಯಿತು ಎಂದ ಮಾತ್ರಕ್ಕೆ ಕಣ್ಣು ಹೋಯಿತು ಎಂದು ಕೈಚೆಲ್ಲಬೇಡಿ. ಆದರೆ ತಪಾಸಣೆಯ ದಿನಾಂಕಕ್ಕಾಗಿಯೂ ಕಾಯಬೇಡಿ. ಮಂಜಾದ ಗಂಟೆಯಲ್ಲೇ ಹೊರಡಿ. ರಾತ್ರಿಯಾಗಿದ್ದರೆ ರಾತ್ರಿಯೇ, ರಜೆಯಿದ್ದರೆ ರಜೆಯ ದಿನವೇ.

ಪ್ರಶ್ನೆ: ಅಮ್ಮನಿಗೆ ಮುಂದಿನ ತಿಂಗಳು ಆಪರೇಷನ್. ಅಮ್ಮನ ತಂದೆಗೆ ಬಹಳ ಹಿಂದೆ ಆಪರೇಷನ್ ಆಗಿ ಕಣ್ಣಿನಲ್ಲಿ ಕೀವು ತುಂಬಿ ದೃಷ್ಟಿ ಹೋಗಿತ್ತಂತೆ. ಅದನ್ನೇ ನೆನೆದು ಅಮ್ಮ ಹೆದರಿದ್ದಾರೆ. ಈ ಸೋಂಕು ಆಗಿಗಿಂತ ಈಗ ಹೆಚ್ಚೋ, ಕಡಿಮೆಯೋ? ದಯವಿಟ್ಟು ಸಮಾಧಾನದ ಮಾತು ಬೇಡ, ಅಂಕಿ ಕೊಡಿ.

ಉತ್ತರ: ನಿಮ್ಮ ಕೊನೆಯ ಸಾಲು ನನಗೆ ತುಂಬಾ ಇಷ್ಟವಾಯಿತು. ಅಂಕಿಯನ್ನೇ ಕೊಡುತ್ತೇನೆ. ಶೇಕಡಾ 0.04 ಎಂದರೆ ಮನಸ್ಸಿಗೆ ಏನೂ ಮೂಡುವುದಿಲ್ಲ. ಆದ್ದರಿಂದ ಎಲ್ಲವನ್ನೂ 'ಹತ್ತು ಸಾವಿರ ಆಪರೇಷನ್‌ಗೆ ಎಷ್ಟು' ಎಂದೇ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಂದು ಸಾವಿರ, ಎಂದರೆ ಹತ್ತರಲ್ಲಿ ಒಂದು ಕಣ್ಣು. ಉಪಕರಣಗಳನ್ನು ಕ್ರಿಮಿಶುದ್ಧಿ ಮಾಡುವ ಪದ್ಧತಿ ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ನೂರೈವತ್ತು, ಇನ್ನೂರಕ್ಕೆ ಇಳಿಯಿತು. ಮುಂದಿನ ಕಥೆಗೆ 2005ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆ ಆಧಾರ. 1963ರಿಂದ 2003ರವರೆಗಿನ 215 ಅಧ್ಯಯನಗಳನ್ನು, ಅಂದರೆ 31 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳನ್ನು ಅದು ಒಟ್ಟುಗೂಡಿಸಿತು. 1970ರ ದಶಕದಲ್ಲಿ ಹತ್ತು ಸಾವಿರಕ್ಕೆ 33, 1980ರ ದಶಕದಲ್ಲಿ 16, 1990ರ ದಶಕದಲ್ಲಿ 9. ಇಷ್ಟಕ್ಕೇ ನಿಲ್ಲಿಸಿದರೆ ಚೆಂದದ ಇಳಿಜಾರು. ಆದರೆ 2000ದಿಂದ 2003ರವರೆಗಿನ ಅವಧಿಯಲ್ಲಿ ಅದು ಮತ್ತೆ 27ರ ಹತ್ತಿರಕ್ಕೆ ಏರಿತು.

ಆ ಏರಿಕೆಯ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ, ನಾನು ಮಾತ್ರ ಪ್ರತಿ ಕಿರಿಯ ವೈದ್ಯರಿಗೂ ಹೇಳುತ್ತೇನೆ. ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಫೇಕೋ ಎಂಬ ಅಲ್ಟ್ರಾಸೌಂಡ್ ವಿಧಾನ ತಂದ ಮೇಲೆ ಪೊರೆಯನ್ನು ಸಣ್ಣ ರಂಧ್ರದಿಂದಲೇ ಪುಡಿಮಾಡಿ ತೆಗೆಯುವುದು ಸಾಧ್ಯವಾಯಿತು. ಮಡಚುವ ಮಸೂರಗಳು ಬಂದವು. ಗಾಯ ಮೂರು ಮಿಲಿಮೀಟರ್ ಆಸುಪಾಸಿಗೆ ಇಳಿಯಿತು, ಹೊಲಿಗೆಯೇ ಬೇಡವಾಯಿತು. 1990ರ ದಶಕದಲ್ಲಿ ಬಹಳಷ್ಟು ಶಸ್ತ್ರಚಿಕಿತ್ಸಕರು ಆ ಗಾಯವನ್ನು ಕಣ್ಣಿನ ಬಿಳಿಭಾಗದಿಂದ ನೇರವಾಗಿ ಪಾರದರ್ಶಕ ಕಾರ್ನಿಯಾಕ್ಕೆ ಬದಲಾಯಿಸಿದರು. ರಕ್ತವಿಲ್ಲ, ಬೇಗ ಮುಗಿಯುತ್ತದೆ, ಮರುದಿನ ಕಣ್ಣು ಬೆಳ್ಳಗೆ ಕಾಣುತ್ತದೆ. ಎಲ್ಲರಿಗೂ ಖುಷಿ. ಆದರೆ ಅದೇ ವಿಮರ್ಶೆಯಲ್ಲಿ ಕಾರ್ನಿಯಾದ ಗಾಯಕ್ಕೆ ಹತ್ತು ಸಾವಿರಕ್ಕೆ 19 ಸೋಂಕು, ಬಿಳಿಭಾಗದ ಗಾಯಕ್ಕೆ 7.

ಏಕೆ ಹೀಗೆ? ಆಪರೇಷನ್ ಆದ ಮೊದಲ ಕೆಲವು ಗಂಟೆಗಳಲ್ಲಿ ಕಣ್ಣಿನ ಒತ್ತಡ ಕುಸಿಯಬಹುದು. ಒತ್ತಡ ಸರಿಯಾಗಿದ್ದರೆ ಗಾಯದ ಎರಡು ತುಟಿಗಳು ಒಂದಕ್ಕೊಂದು ಒತ್ತಿ ಮುಚ್ಚಿಕೊಳ್ಳುತ್ತವೆ. ಕುಸಿದರೆ ಒಳತುಟಿ ಸ್ವಲ್ಪ ಬಾಯಿಬಿಡುತ್ತದೆ. ದಾನವಾಗಿ ಬಂದ ಮಾನವ ಕಣ್ಣುಗಳಲ್ಲಿ ಇದನ್ನು ಪರೀಕ್ಷಿಸಿದ ಸಂಶೋಧಕರು ಕಾರ್ನಿಯಾದ ಮೇಲೆ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಹಾಕಿ ಒತ್ತಡವನ್ನು ಏರಿಳಿಸಿದರು. ಆ ಕಪ್ಪು ಕಣಗಳು ಗಾಯದ ದಾರಿಯೊಳಕ್ಕೆ ಸೆಳೆಯಲ್ಪಟ್ಟವು. ಹೊರಗಿನ ಕಣ್ಣೀರು ಹಾಗೆಯೇ ಒಳಗೆ ಹೋದರೆ ಅದರಲ್ಲಿರುವ ಬ್ಯಾಕ್ಟೀರಿಯಾವೂ ಹೋಗುತ್ತದೆ. ಈಗ ನಾವು ಕೊನೆಯಲ್ಲಿ ಗಾಯದ ಅಂಚಿಗೆ ದ್ರವ ಚುಚ್ಚಿ ಊದಿಸುತ್ತೇವೆ, ಒತ್ತಡವನ್ನು ಮುಟ್ಟಿ ನೋಡುತ್ತೇವೆ, ಸ್ಪಂಜಿನಿಂದ ಗಾಯವನ್ನು ಒತ್ತಿ ಸೋರುತ್ತದೆಯೇ ಎಂದು ನೋಡುತ್ತೇವೆ, ಅನುಮಾನ ಬಂದರೆ ಒಂದು ಹೊಲಿಗೆ ಹಾಕುತ್ತೇವೆ. ಆ ಒಂದು ಹೊಲಿಗೆಗೆ ಬೇಸರಪಡುವ ರೋಗಿಗಳನ್ನು ಕಂಡಿದ್ದೇನೆ. ಬೇಸರಪಡಬೇಡಿ, ಅದು ನಿಮ್ಮ ವೈದ್ಯರ ಎಚ್ಚರ.

ಏರಿದ ಗೆರೆ ಮತ್ತೆ ಇಳಿಯಿತು, ಚೆನ್ನಾಗಿಯೇ ಇಳಿಯಿತು. ಸ್ವೀಡನ್ನಿನ ರಾಷ್ಟ್ರೀಯ ಪೊರೆ ದಾಖಲಾತಿಯಲ್ಲಿ 2005ರಿಂದ 2010ರ ಅವಧಿಗೆ ಹತ್ತು ಸಾವಿರಕ್ಕೆ 3. ಫ್ರಾನ್ಸಿನಲ್ಲಿ 2005ರಿಂದ 2014ರೊಳಗೆ 14ರಿಂದ 5ಕ್ಕೆ. ಅಮೆರಿಕದಲ್ಲಿ 2013ರಿಂದ 2017ರವರೆಗಿನ 85 ಲಕ್ಷ ಕಣ್ಣುಗಳ ದಾಖಲೆಯಲ್ಲಿ 4. ಅಮ್ಮನಿಗೆ ಹೀಗೆ ಹೇಳಿ: ಹತ್ತು ಸಾವಿರ ಮಂದಿಯಲ್ಲಿ ಸುಮಾರು 9,995 ಮಂದಿಗೆ ಸೋಂಕು ಆಗುವುದಿಲ್ಲ. ನಾನು ಮಾತ್ರ ಉಳಿದ ಆ ನಾಲ್ಕೈದು ಮಂದಿಯನ್ನು ಮರೆಯಲಾರೆ. ಪ್ರಪಂಚದಲ್ಲಿ ವರ್ಷಕ್ಕೆ ಎರಡು ಕೋಟಿ ಪೊರೆ ಆಪರೇಷನ್ ಎಂದಿಟ್ಟುಕೊಂಡರೂ ಹತ್ತು ಸಾವಿರಕ್ಕೆ 4ರ ಲೆಕ್ಕದಲ್ಲಿ ಎಂಟು ಸಾವಿರ ಕಣ್ಣುಗಳಾಗುತ್ತವೆ.

ಪ್ರಶ್ನೆ: ಆಪರೇಷನ್ ಮುಗಿಸುವಾಗ ಕಣ್ಣಿನ ಒಳಕ್ಕೇ ಆಂಟಿಬಯೋಟಿಕ್ ಹಾಕುತ್ತೇವೆ ಎಂದು ನಮ್ಮ ವೈದ್ಯರು ಹೇಳಿದರು. ಸೋಂಕೇ ಇಲ್ಲದ ಕಣ್ಣಿಗೆ ಔಷಧಿ ಏಕೆ? ಹಿಂದೆ ಹೊರಗಿನಿಂದ ಹನಿ ಹಾಕಿದರೆ ಸಾಕಾಗುತ್ತಿತ್ತಲ್ಲ?

ಉತ್ತರ: ಸಾಕಾಗುತ್ತಿರಲಿಲ್ಲ. ಅದು ಗೊತ್ತಾದದ್ದು ಯುರೋಪಿನ ಪೊರೆ ಶಸ್ತ್ರಚಿಕಿತ್ಸಕರ ಸಂಘ ನಡೆಸಿದ ಪ್ರಯೋಗದಿಂದ. ಒಂಬತ್ತು ದೇಶಗಳ 24 ಕೇಂದ್ರಗಳು, 16 ಸಾವಿರಕ್ಕೂ ಹೆಚ್ಚು ರೋಗಿಗಳು. ಅರ್ಧದಷ್ಟು ಮಂದಿಗೆ ಆಪರೇಷನ್ ಕೊನೆಯಲ್ಲಿ 1 ಮಿಲಿಗ್ರಾಂ ಸೆಫ್ಯುರಾಕ್ಸಿಮ್ ಅನ್ನು ಕಣ್ಣಿನ ಮುಂಭಾಗದ ಕೋಣೆಗೆ ಕೊಟ್ಟರು, ಉಳಿದ ಅರ್ಧಕ್ಕೆ ಕೊಡಲಿಲ್ಲ. ಒಟ್ಟು 29 ಸೋಂಕುಗಳಲ್ಲಿ 24 ಆದದ್ದು ಔಷಧಿ ಕೊಡದ ಗುಂಪಿನಲ್ಲಿ, 5 ಮಾತ್ರ ಕೊಟ್ಟ ಗುಂಪಿನಲ್ಲಿ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ 2006ರ ಜನವರಿಯಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಪೂರ್ಣ ವರದಿ 2007ರಲ್ಲಿ ಬಂತು. ಅದೇ ಪ್ರಯೋಗದಲ್ಲಿ ಆಪರೇಷನ್ ವೇಳೆಗೆ ಹೊರಗಿನಿಂದ ಹಾಕಿದ ಲೆವೊಫ್ಲಾಕ್ಸಾಸಿನ್ ಹನಿಯಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ.

ಆ ಪ್ರಯೋಗದಲ್ಲಿ ಔಷಧಿಯಿಲ್ಲದ ಗುಂಪಿನ ಸೋಂಕಿನ ಪ್ರಮಾಣವೇ ಹತ್ತು ಸಾವಿರಕ್ಕೆ ಸುಮಾರು 30 ಇತ್ತು, 'ನಮ್ಮಲ್ಲಿ ಅಷ್ಟಿಲ್ಲ, ನಮಗೇಕೆ' ಎಂದು ಹಲವರು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರ ಬಂದದ್ದು ಅರವಿಂದ್ ಕಣ್ಣಿನ ಆಸ್ಪತ್ರೆಗಳ ಸಮೂಹದಿಂದ, 2017ರಲ್ಲಿ. ಅಲ್ಲಿ ಮೊದಲೇ ಸೋಂಕು ಕಡಿಮೆ ಇತ್ತು. ಕಣ್ಣೊಳಗೆ ಮಾಕ್ಸಿಫ್ಲಾಕ್ಸಾಸಿನ್ ಕೊಡುವ ಮೊದಲು 3,02,815 ಆಪರೇಷನ್‌ಗಳಲ್ಲಿ 214 ಸೋಂಕು, ಕೊಡಲು ತೊಡಗಿದ ಮೇಲೆ 3,14,638ರಲ್ಲಿ 64. ಹತ್ತು ಸಾವಿರಕ್ಕೆ 7 ಇದ್ದದ್ದು 2 ಆಯಿತು. ನನಗೆ ಇನ್ನೂ ಮುಖ್ಯವೆನಿಸಿದ ಅಂಕಿ ಬೇರೆ. ಆಪರೇಷನ್ ನಡುವೆ ಮಸೂರದ ಹಿಂಪೊರೆ (ಮಸೂರದ ಚೀಲದ ಹಿಂಭಾಗ) ಹರಿದ ಕಣ್ಣುಗಳಲ್ಲಿ ಸೋಂಕು ಹತ್ತು ಸಾವಿರಕ್ಕೆ 48 ಇದ್ದದ್ದು 21ಕ್ಕೆ ಇಳಿಯಿತು. ಹಿಂಪೊರೆ ಹರಿದರೆ ಮುಂಭಾಗಕ್ಕೂ ವಿಟ್ರಿಯಸ್‌ಗೂ ನಡುವಿನ ತಡೆ ಹೋಗುತ್ತದೆ, ಅಪಾಯ ಹಲವು ಪಟ್ಟು ಏರುತ್ತದೆ. ಔಷಧಿ ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿತು. ಆದರೂ 21 ಉಳಿಯಿತು ಎಂಬುದನ್ನು ಗಮನಿಸಿ. ಕೈಚಳಕಕ್ಕೆ ಔಷಧಿ ಬದಲಿಯಲ್ಲ. 'ಆಪರೇಷನ್ ನಡುವೆ ಸ್ವಲ್ಪ ತೊಂದರೆಯಾಯಿತು' ಎಂದು ನಿಮ್ಮ ವೈದ್ಯರು ಹೇಳಿದ್ದರೆ, ನಂತರದ ಎರಡು ವಾರ ಇನ್ನಷ್ಟು ಎಚ್ಚರ ಬೇಕು.

ಅಪಾಯವೇ ಇಲ್ಲವೇ ಎಂದರೆ, ಇದೆ. ಅಳತೆ ತಪ್ಪಿ ಹೆಚ್ಚು ಸೆಫ್ಯುರಾಕ್ಸಿಮ್ ಹೋದರೆ ರೆಟಿನಾಗೆ ಹಾನಿಯಾಗಬಹುದು. ಪುಡಿಯನ್ನು ಥಿಯೇಟರಿನಲ್ಲೇ ಕರಗಿಸಿ ದುರ್ಬಲಗೊಳಿಸುವಾಗ ಇಂಥ ತಪ್ಪಿಗೆ ಅವಕಾಶ ಹೆಚ್ಚು. ಅದಕ್ಕೇ ಕಣ್ಣಿಗೆಂದೇ ತಯಾರಾದ, ಒಬ್ಬರಿಗೆ ಒಂದೇ ಬಾರಿ ಬಳಸುವ ಔಷಧಿ ಉತ್ತಮ. ವ್ಯಾಂಕೋಮೈಸಿನ್ ಅನ್ನು ಸೋಂಕು ತಡೆಯಲೆಂದು ಮುಂಚಿತವಾಗಿ ಬಳಸಿದಾಗ ಅಪರೂಪಕ್ಕೆ ರೆಟಿನಾದ ರಕ್ತನಾಳಗಳೇ ಮುಚ್ಚಿಹೋಗುವ ಭೀಕರ ಪ್ರತಿಕ್ರಿಯೆ ಕಂಡುಬಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಕೆ ನೀಡಿತು. ಸೋಂಕಾದ ಮೇಲೆ ಕೊಡುವ ವ್ಯಾಂಕೋಮೈಸಿನ್ ಬೇರೆ ವಿಷಯ, ಅಲ್ಲಿ ಅದು ಬೇಕೇ ಬೇಕು. ನಿಮ್ಮ ವೈದ್ಯರನ್ನು ಯಾವ ಔಷಧಿ ಎಂದು ಕೇಳಿ. ಸೆಫ್ಯುರಾಕ್ಸಿಮ್ ಅಥವಾ ಮಾಕ್ಸಿಫ್ಲಾಕ್ಸಾಸಿನ್ ಎಂದರೆ ಒಪ್ಪಿಕೊಳ್ಳಿ. ಪೆನಿಸಿಲಿನ್ ಇಲ್ಲವೇ ಬೇರೆ ಯಾವುದೇ ಔಷಧಿಯ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಿ.

ಇಷ್ಟೆಲ್ಲ ಹೇಳಿ ಒಂದನ್ನು ಹೇಳದಿದ್ದರೆ ತಪ್ಪಾಗುತ್ತದೆ: ಕಂದುಬಣ್ಣದ ಕ್ರಿಮಿನಾಶಕ ಪೊವಿಡೋನ್ ಅಯೋಡಿನ್. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಎಲ್ಲಿಂದಲೋ ಹಾರಿ ಬರುವುದಿಲ್ಲ. 1991ರ ಒಂದು ಅಧ್ಯಯನದಲ್ಲಿ ಸೋಂಕಾದ 17 ಕಣ್ಣುಗಳನ್ನು ಪರೀಕ್ಷಿಸಿದಾಗ, 14ರಲ್ಲಿ ಕಣ್ಣೊಳಗಿನ ಬ್ಯಾಕ್ಟೀರಿಯಾವೂ ಅದೇ ರೋಗಿಯ ರೆಪ್ಪೆ, ಮೂಗಿನಂಥ ಹೊರಭಾಗದಲ್ಲಿದ್ದ ಬ್ಯಾಕ್ಟೀರಿಯಾವೂ ತಳಿಯಲ್ಲಿ ಒಂದೇ ಆಗಿದ್ದವು. ಹಾಗಾಗಿ ಚಾಕು ಮುಟ್ಟುವ ಮೊದಲು ಶೇ 5ರ ಪೊವಿಡೋನ್ ಅಯೋಡಿನ್ ಅನ್ನು ಕಣ್ಣಿನ ಮೇಲ್ಮೈಗೇ ಹಾಕಿ ಕನಿಷ್ಠ ಮೂರು ನಿಮಿಷ ಬಿಡಬೇಕು. ಅದೇ 1991ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಹೋಲಿಕೆಯಲ್ಲಿ ಅಯೋಡಿನ್ ಬಳಸಿದ ಥಿಯೇಟರುಗಳಲ್ಲಿ ಹತ್ತು ಸಾವಿರಕ್ಕೆ 6, ಬೆಳ್ಳಿಯ ದ್ರಾವಣ ಬಳಸಿದ ಕಡೆ 24 ಸೋಂಕುಗಳಾದವು. ಮರವಟ್ಟಿಸುವ ಜೆಲ್ಲನ್ನು ಮೊದಲು ಹಚ್ಚಿಬಿಟ್ಟರೆ ಅಯೋಡಿನ್ ಮೇಲ್ಮೈಗೆ ತಾಗುವುದೇ ಇಲ್ಲ, ಆದ್ದರಿಂದ ಕ್ರಮವೂ ಮುಖ್ಯ. ಆ ಮೂರು ನಿಮಿಷ ಥಿಯೇಟರಿನಲ್ಲಿ ಬಹಳ ಉದ್ದವಾಗಿ ಕಾಣುತ್ತದೆ, ಮುಂದಿನ ರೋಗಿ ಹೊರಗೆ ಕಾಯುತ್ತಿರುತ್ತಾರೆ. ನಾನು ಗಡಿಯಾರ ನೋಡಿಯೇ ಶುರುಮಾಡುತ್ತೇನೆ, ನನ್ನ ಜೊತೆ ಕೆಲಸ ಮಾಡುವ ಯಾರಿಗೂ ಅದರಲ್ಲಿ ರಿಯಾಯಿತಿ ಕೊಟ್ಟಿಲ್ಲ.

ಪ್ರಶ್ನೆ: ಒಂದು ಆಸ್ಪತ್ರೆಯವರು 'ನಮ್ಮಲ್ಲಿ ಇದುವರೆಗೆ ಒಂದೂ ಸೋಂಕಾಗಿಲ್ಲ' ಎನ್ನುತ್ತಾರೆ. ಇನ್ನೊಂದು ಆಸ್ಪತ್ರೆಯವರು 'ಹತ್ತು ಸಾವಿರಕ್ಕೆ ನಾಲ್ಕು' ಎಂದು ಬರೆದೇ ಕೊಟ್ಟಿದ್ದಾರೆ. ಸೊನ್ನೆ ಇರುವ ಕಡೆಗೇ ಹೋಗುವುದು ಜಾಣತನವಲ್ಲವೇ? ನಾನು ಗಣಿತದ ನಿವೃತ್ತ ಅಧ್ಯಾಪಕ.

ಉತ್ತರ: ಗುರುಗಳೇ, ಗಣಿತ ಕಲಿಸಿದ ನಿಮಗೆ ಗಣಿತದಲ್ಲೇ ಉತ್ತರಿಸಲು ಅನುಮತಿ ಕೊಡಿ. ಅಪರೂಪದ ಘಟನೆ ಒಂದೂ ನಡೆಯದಿದ್ದಾಗ, 3ನ್ನು ಒಟ್ಟು ಪ್ರಯತ್ನಗಳಿಂದ ಭಾಗಿಸಿದರೆ ನಿಜವಾದ ಪ್ರಮಾಣ ಎಷ್ಟರವರೆಗೆ ಇರಬಹುದು ಎಂಬ ಮೇಲ್ಮಿತಿ ಶೇ 95ರ ವಿಶ್ವಾಸದಲ್ಲಿ ಸಿಗುತ್ತದೆ. 500 ಆಪರೇಷನ್ ಮಾಡಿ ಸೊನ್ನೆ ಸೋಂಕು ಎಂದರೆ, ನಿಜವಾದ ಪ್ರಮಾಣ ಹತ್ತು ಸಾವಿರಕ್ಕೆ 60ರವರೆಗೂ ಇರಬಹುದು. 3,000 ಮಾಡಿ ಸೊನ್ನೆ ಎಂದರೂ 10ರವರೆಗೆ ಇರಬಹುದು. ವರ್ಷಕ್ಕೆ 500 ಆಪರೇಷನ್ ಮಾಡುವ ಶಸ್ತ್ರಚಿಕಿತ್ಸಕರ ಪ್ರಮಾಣ ಹತ್ತು ಸಾವಿರಕ್ಕೆ 4 ಇದ್ದರೆ, ಸರಾಸರಿ ಐದು ವರ್ಷಕ್ಕೊಂದು ಸೋಂಕು. ನಡುವಿನ ವರ್ಷಗಳಲ್ಲಿ ಅವರೂ 'ಸೊನ್ನೆ' ಎಂದು ಹೇಳಬಲ್ಲರು, ಸುಳ್ಳೂ ಆಗದು.

ಇನ್ನೊಂದು, ಎಣಿಸುವ ರೀತಿ. ಸೋಂಕಾದ ರೋಗಿ ಬೇರೆ ಆಸ್ಪತ್ರೆಗೆ ಹೋದರೆ ಮೊದಲ ಆಸ್ಪತ್ರೆಯ ಪುಸ್ತಕದಲ್ಲಿ ಅದು ದಾಖಲಾಗುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಮಾತ್ರ ಸೋಂಕು ಎಂದು ಎಣಿಸುವವರಿದ್ದಾರೆ. ಆದರೆ ಸ್ಪಷ್ಟವಾಗಿ ಸೋಂಕಿರುವ ಕಣ್ಣುಗಳಲ್ಲಿ ಗಣನೀಯ ಭಾಗದಲ್ಲಿ ಏನೂ ಬೆಳೆಯುವುದಿಲ್ಲ. ಒಂದು ವಾರ ಗಮನಿಸಿ ಬಿಟ್ಟವರ ಅಂಕಿಗೂ ಆರು ವಾರ ಗಮನಿಸಿದವರ ಅಂಕಿಗೂ ಹೋಲಿಕೆಯೇ ಸಲ್ಲದು. ದೇಶ ದೇಶಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಇವರು ಮೇಲು, ಅವರು ಕೀಳು ಎಂದು ನಾನು ಹೇಳದಿರುವುದೂ ಇದರಿಂದಲೇ. ಒಂದೇ ಕಡೆ, ಒಂದೇ ರೀತಿ ಎಣಿಸಿ, ವರ್ಷದಿಂದ ವರ್ಷಕ್ಕೆ ಇಳಿಯಿತೇ ಎಂದು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ.

ಬರೆದುಕೊಟ್ಟ ಆಸ್ಪತ್ರೆಯತ್ತ ನನ್ನ ಒಲವು. ಅವರು ಎಣಿಸುತ್ತಿದ್ದಾರೆ ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಎಣಿಸುವವರಿಗೆ ಮಾತ್ರ ಏರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಬಿಡಿ ಸೋಂಕು ಎಷ್ಟೇ ಶುದ್ಧವಾದ ಥಿಯೇಟರಿನಲ್ಲೂ ಆಗಬಹುದು. ಆದರೆ ಒಂದೇ ದಿನ, ಒಂದೇ ಮೇಜಿನ ಮೇಲೆ ಆಪರೇಷನ್ ಆದ ಇಬ್ಬರಿಗೆ ಸೋಂಕಾದರೆ ಅದು ರೋಗಿಯ ರೆಪ್ಪೆಯಿಂದ ಬಂದದ್ದಲ್ಲ ಎಂದೇ ಮೊದಲು ಭಾವಿಸಬೇಕು. ಕಣ್ಣು ತೊಳೆಯುವ ದ್ರವದ ಬಾಟಲಿ, ಬಣ್ಣದ ದ್ರಾವಣ, ಫೇಕೋ ಯಂತ್ರದ ಕೊಳವೆ, ಸರಿಯಾಗಿ ಕೆಲಸ ಮಾಡದ ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಯಂತ್ರ), ಹೀಗೆ ಒಂದು ಸಾಮಾನ್ಯ ಮೂಲ ಇರುತ್ತದೆ. ಅಂಥಲ್ಲಿ ಸ್ಯೂಡೊಮೊನಾಸ್‌ನಂಥ ಉಗ್ರ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಣ್ಣನ್ನು ಮುಗಿಸಿಬಿಡಬಲ್ಲದು. ಆಗ ಥಿಯೇಟರ್ ಮುಚ್ಚಬೇಕು, ಆ ದಿನದ ಪ್ರತಿ ರೋಗಿಯನ್ನೂ ಕರೆಸಿ ನೋಡಬೇಕು, ಬಾಟಲಿಗಳ ಬ್ಯಾಚ್ ಸಂಖ್ಯೆ ಹಿಡಿದು ಹುಡುಕಬೇಕು. ಮುಚ್ಚಿಟ್ಟರೆ ಮೂರನೆಯವರು, ನಾಲ್ಕನೆಯವರು ಬಲಿಯಾಗುತ್ತಾರೆ. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ. ಮುಚ್ಚಿಡುವುದಕ್ಕೆ ನಮ್ಮ ವೃತ್ತಿಯಲ್ಲಿ ಕ್ಷಮೆ ಇರಬಾರದು.

ನೀವು ಆಸ್ಪತ್ರೆಯಲ್ಲಿ ಕೇಳಬೇಕಾದದ್ದು ಇಷ್ಟು: ಸೋಂಕನ್ನು ಎಷ್ಟು ವಾರದವರೆಗೆ ಗಮನಿಸುತ್ತೀರಿ, ರಾತ್ರಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಸೋಂಕಾದರೆ ನೋಡುವ ರೆಟಿನಾ ತಜ್ಞರು ಎಲ್ಲಿದ್ದಾರೆ. ಎರಡನೆಯ ಪ್ರಶ್ನೆಗೆ ತಡವರಿಸುವ ಆಸ್ಪತ್ರೆ ನನಗೆ ಒಪ್ಪಿಗೆಯಿಲ್ಲ, ಅವರ ಸೊನ್ನೆ ಎಷ್ಟೇ ಹೊಳೆಯುತ್ತಿರಲಿ.

ಪ್ರಶ್ನೆ: ತಲೆಗೆ ಸ್ನಾನ ಎಷ್ಟು ದಿನ ಬಿಡಬೇಕು? ಟಿವಿ ನೋಡಿದರೆ ಸೋಂಕಾಗುತ್ತದೆಯೇ?

ಉತ್ತರ: ಟಿವಿಯಿಂದ, ಓದಿನಿಂದ, ಮೊಬೈಲಿನಿಂದ ಸೋಂಕಾಗುವುದಿಲ್ಲ. ನಲ್ಲಿ ನೀರು, ಸಾಬೂನಿನ ನೀರು ಕಣ್ಣಿಗೆ ಹೋಗದಂತೆ ಒಂದೆರಡು ವಾರ ನೋಡಿಕೊಳ್ಳಿ, ಕಣ್ಣುಜ್ಜಬೇಡಿ, ಈಜು ಬೇಡ. ಹನಿ ಹಾಕುವಾಗ ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಹಾಕುವವರು ಮೊದಲು ಕೈ ತೊಳೆಯಬೇಕು. ಮನೆಯಲ್ಲಿ ಇಬ್ಬರಿಗೆ ಆಪರೇಷನ್ ಆಗಿದ್ದರೂ ಬಾಟಲಿ ಬೇರೆ ಬೇರೆಯೇ ಇರಲಿ.

ಪ್ರಶ್ನೆ: ನನಗೆ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಸ್ಟೀರಾಯ್ಡ್ ಹನಿ ಹಾಕಿದಾಗ ಸರಿ ಇರುತ್ತದೆ, ನಿಲ್ಲಿಸಿದ ಸ್ವಲ್ಪ ದಿನಕ್ಕೆ ಮತ್ತೆ ಕೆಂಪು, ಮಂಜು. ಇಷ್ಟು ತಡವಾಗಿ ಸೋಂಕಾಗುವುದುಂಟೇ?

ಉತ್ತರ: ಉಂಟು. ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ, ಚರ್ಮದಲ್ಲಿ ಸಾಮಾನ್ಯವಾಗಿರುವ ನಿಧಾನದ ಬ್ಯಾಕ್ಟೀರಿಯಾ ಮಸೂರದ ಚೀಲದೊಳಗೆ ಅಡಗಿ ಕುಳಿತು ತಿಂಗಳುಗಟ್ಟಲೆ ಹೀಗೆಯೇ ಆಟವಾಡಿಸುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಪಾಪೆಯನ್ನು ಹಿಗ್ಗಿಸಿ ನೋಡಿದರೆ ಚೀಲದ ಮೇಲೆ ಬಿಳಿಯ ಮಚ್ಚೆ ಕಾಣಬಹುದು. ಬೇರೆ ಕಾರಣಗಳೂ ಇವೆ, ಆದರೆ ಮತ್ತೊಂದು ಬಾಟಲಿ ಸ್ಟೀರಾಯ್ಡ್ ಬರೆಸಿಕೊಳ್ಳುವ ಮೊದಲು ರೆಟಿನಾ ಅಥವಾ ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ತಜ್ಞರಿಗೆ ತೋರಿಸಿ.

ಪ್ರಶ್ನೆ: ನನ್ನ ಬಲಗಣ್ಣು ಪೊರೆ ಆಪರೇಷನ್ ನಂತರದ ಸೋಂಕಿನಲ್ಲಿ ಹೋಯಿತು. ಈಗ ಎಡಗಣ್ಣಿಗೂ ಪೊರೆ ಬಲಿತಿದೆ. ಮಗಳ ಮುಖವೂ ಮಸುಕು. ಆಪರೇಷನ್ ಮಾಡಿಸಿಕೊಳ್ಳಲು ಧೈರ್ಯವಿಲ್ಲ, ಮಾಡಿಸದೇ ಇರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ ತಾಯಿ. ನಿಮ್ಮ ಭಯಕ್ಕೆ ಕಾರಣವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಬಲಗಣ್ಣಿಗೆ ಆದದ್ದು ಎಡಗಣ್ಣಿಗೂ ಆಗಿಯೇ ತೀರುತ್ತದೆ ಎಂಬುದಿಲ್ಲ, ಮೊದಲ ಸಲಕ್ಕಿಂತ ಹೆಚ್ಚು ತಯಾರಿಯೊಂದಿಗೆ ಹೋಗುವ ಅವಕಾಶವೂ ಈಗ ಇದೆ.

ಮೊದಲ ಆಸ್ಪತ್ರೆಯಿಂದ ಬಲಗಣ್ಣಿನ ಪೂರ್ತಿ ದಾಖಲೆ ತೆಗೆದುಕೊಳ್ಳಿ. ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಯಾವ ಔಷಧಿಗೆ ಬಗ್ಗಿತು, ಆಪರೇಷನ್ ನಡುವೆ ಹಿಂಪೊರೆ ಹರಿದಿತ್ತೇ, ಕಣ್ಣೊಳಗೆ ಆಂಟಿಬಯೋಟಿಕ್ ಕೊಟ್ಟಿದ್ದರೇ ಎಂಬುದೆಲ್ಲ ಎಡಗಣ್ಣಿನ ವೈದ್ಯರಿಗೆ ಬೇಕು. ಕೊಡಲು ಹಿಂದೇಟು ಹಾಕಿದರೆ ಲಿಖಿತವಾಗಿ ಕೇಳಿ. ಆಮೇಲೆ ರೆಪ್ಪೆಗಳನ್ನು ಪರೀಕ್ಷಿಸಲು ಹೇಳಿ. ರೆಪ್ಪೆಯ ಬುಡದಲ್ಲಿ ಹೊಟ್ಟಿನಂಥ ಪದರ, ಕೆಂಪು ಇದ್ದರೆ ಅದಕ್ಕೆ ಕೆಲವು ವಾರ ಚಿಕಿತ್ಸೆ ಆಗಲಿ, ಅಲ್ಲಿಯವರೆಗೆ ಆಪರೇಷನ್ ಮುಂದೂಡಿ. ಮೂಗಿನ ಪಕ್ಕದ ಕಣ್ಣೀರಿನ ಚೀಲವನ್ನು ಒತ್ತಿದಾಗ ಕೀವು ಬರುತ್ತದೆಯೇ ನೋಡಬೇಕು, ಬಂದರೆ ಅದನ್ನು ಮೊದಲು ಸರಿಪಡಿಸಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ.

ಒಂದೇ ಕಣ್ಣು ಉಳಿದಿರುವವರ ಆಪರೇಷನ್ ಅನ್ನು ಅನುಭವಿ ಶಸ್ತ್ರಚಿಕಿತ್ಸಕರೇ ಮಾಡಬೇಕು ಎಂದು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಪೊರೆ ತೀರಾ ಗಟ್ಟಿಯಾದಷ್ಟೂ ಹಿಂಪೊರೆ ಹರಿಯುವ ಸಾಧ್ಯತೆ ಹೆಚ್ಚುತ್ತದೆ, ಆದ್ದರಿಂದ ವರ್ಷಗಟ್ಟಲೆ ಮುಂದೂಡುವುದು ಸುರಕ್ಷಿತ ದಾರಿಯಲ್ಲ. ಅಯೋಡಿನ್‌ನ ಮೂರು ನಿಮಿಷ, ಕಣ್ಣೊಳಗಿನ ಆಂಟಿಬಯೋಟಿಕ್, ಗಾಯಕ್ಕೆ ಒಂದು ಹೊಲಿಗೆ, ಈ ಮೂರನ್ನೂ ಮುಂಚಿತವಾಗಿ ಮಾತನಾಡಿ ಒಪ್ಪಿಸಿಕೊಳ್ಳಿ. ಆಪರೇಷನ್ ಆದ ಮೇಲೆ ಮರುದಿನ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರದ ಕೊನೆಗೆ ಒಮ್ಮೆ ನೋಡಲು ವೈದ್ಯರನ್ನು ಕೇಳಿ. ಆ ಎರಡು ವಾರ ಮಗಳು ನಿಮ್ಮ ಜೊತೆಗಿರಲಿ. ದಿನಾ ಬೆಳಗ್ಗೆ ಒಂದೇ ಜಾಗದಲ್ಲಿ ಕುಳಿತು, ಒಂದೇ ದೂರದಲ್ಲಿರುವ ಕ್ಯಾಲೆಂಡರನ್ನು ಎಡಗಣ್ಣಿನಿಂದ ಓದಿ. ನಿನ್ನೆ ಓದಿದ ಅಂಕಿ ಇವತ್ತು ಓದಲಾಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಆಗಲೇ ಹೊರಡಿ. ದಿನಾಂಕ ಗೊತ್ತಾದ ಮೇಲೆ ನನಗೂ ಒಂದು ಸಾಲು ಬರೆಯಿರಿ.